ದೇವರ ಮನೆಗೆ ಎಲ್ಲರ ಕೈ



ಬೆಟ್ಟ ಹತ್ತಿ ಬಂದಿದ್ದೀರಿ. ಆಯಾಸ ಇಳಿಯುವವರೆಗೆ ನೆರಳಿನಲ್ಲಿ ಕೂತು ಈ ನಾಲ್ಕು ಮಾತು ಓದಿ. ನಾನು ಗುರುಗಳಲ್ಲ, ಪಂಡಿತನೂ ಅಲ್ಲ. ಈ ಕ್ಷೇತ್ರದ ಕಚೇರಿಯಲ್ಲಿ ರಸೀದಿ ಬರೆಯುವ ಗುಮಾಸ್ತ. ಪೂಜೆಯಲ್ಲಿ ಓದಲೆಂದು ಭಕ್ತರು ಚೀಟಿಯಲ್ಲಿ ಬರೆದುಕೊಡುವ ಕೋರಿಕೆಗಳು ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತವೆ. ಕಾಯಿಲೆ ವಾಸಿಯಾಗಲಿ, ಮಗಳ ಮದುವೆಯಾಗಲಿ, ಮಗನಿಗೆ ಕೆಲಸ ಸಿಗಲಿ ಎಂಬವು ಯಾವಾಗಲೂ ಇರುವಂಥವು. ಅವುಗಳ ನಡುವೆ ಇನ್ನೊಂದು ಬಗೆಯ ಚೀಟಿಯೂ ಬರುತ್ತದೆ. "ನಮ್ಮೂರ ಚರ್ಚಿನ ಕೆಲಸ ಅರ್ಧಕ್ಕೆ ನಿಂತಿದೆ, ಮುಗಿಯಲಿ." "ಚರ್ಚು ಕಟ್ಟುವ ವಿಷಯದಲ್ಲಿ ಊರು ಎರಡು ಪಾರ್ಟಿ ಆಗಿದೆ, ಒಂದಾಗಲಿ."

ದೇವರಿಗೆ ಮನೆ ಕಟ್ಟಲು ಹೋಗಿ ದೇವರ ಮಕ್ಕಳು ಬೇರೆಯಾಗುವುದಕ್ಕಿಂತ ದುಃಖದ ಸಂಗತಿ ಇನ್ನೇನಿದೆ? ಇದು ಯಾಕೆ ಆಗ್ತದೆ, ಆಗದ ಹಾಗೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಪವಿತ್ರ ಗ್ರಂಥದ ಬೆಳಕಿನಲ್ಲಿ ಧ್ಯಾನಿಸೋಣ.

ಗುಡಾರ ಮತ್ತು ಮಂದಿರ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ದೇವರಿಗಾಗಿ ಕಟ್ಟಿದ ಎರಡು ದೊಡ್ಡ ಕೆಲಸಗಳ ಕಥೆ ಇದೆ. ಮೊದಲನೆಯದು ಮೋಶೆಯ ಕಾಲದ ಗುಡಾರ. ಮರಳುಗಾಡಿನಲ್ಲಿ ಅಲೆಯುತ್ತಿದ್ದ ಜನ ಅವರು. ಮೋಶೆ ಯಾರನ್ನೂ ಬಲವಂತ ಮಾಡಲಿಲ್ಲ. ಮನಸ್ಸಿದ್ದವರು ತರಲಿ ಎಂದ, ಅಷ್ಟೆ. ಚಿನ್ನ ಇದ್ದವರು ಚಿನ್ನ ತಂದರು, ಮರ ಇದ್ದವರು ಮರ ತಂದರು. ಹೆಂಗಸರು ಆಡಿನ ಕೂದಲನ್ನು ನೂತು ಕೊಟ್ಟರು. ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಹೆಂಗಸರ ಕಂಚಿನ ಕನ್ನಡಿಗಳಿಂದ ಯಾಜಕರು ಕೈಕಾಲು ತೊಳೆಯುವ ತೊಟ್ಟಿ ತಯಾರಾಯಿತು. ಬೆಚಲೇಲ, ಒಹೊಲೀಯಾಬ ಎಂಬ ಇಬ್ಬರು ಕುಶಲ ಕೆಲಸಗಾರರು ಮುಂದೆ ನಿಂತು ಮಾಡಿಸಿದರು. ಕೊನೆಗೆ ಏನಾಯಿತು ಗೊತ್ತೇ? ಕಾಣಿಕೆ ಬೇಕಾದದ್ದಕ್ಕಿಂತ ಹೆಚ್ಚಾಗಿ, ಇನ್ನು ಯಾರೂ ತರಬೇಡಿ ಅಂತ ಪಾಳೆಯದಲ್ಲೆಲ್ಲ ಸಾರಿಸಬೇಕಾಯಿತು! ರಸೀದಿ ಬರೆಯುವ ನನಗೆ ಈ ಭಾಗ ಓದಿದಾಗಲೆಲ್ಲ ಆಶ್ಚರ್ಯ. ಇಂಥ ದಿನ ನಮ್ಮ ಯಾವ ಕಟ್ಟಡ ಸಮಿತಿಗೆ ಬಂದೀತು?

ಎರಡನೆಯದು ಸೊಲೊಮೋನ ಅರಸನ ಮಹಾಮಂದಿರ. ಏಳು ವರ್ಷದ ಕೆಲಸ. ಲೆಬನೋನಿನ ದೇವದಾರು, ಬಂಗಾರದ ತಗಡು, ದೂರದೇಶದ ಶಿಲ್ಪಿಗಳು. ಕಣ್ಣು ಕೋರೈಸುವ ವೈಭವ. ಆದರೆ ಅದಕ್ಕಾಗಿ 30 ಸಾವಿರ ಜನರನ್ನು ಬಿಟ್ಟಿ ದುಡಿಮೆಗೆ ಹಿಡಿದರು, ತಿಂಗಳಿಗೆ 10 ಸಾವಿರದಂತೆ ಸರದಿಯಲ್ಲಿ ಕಾಡಿಗೆ ಕಳಿಸಿದರು ಎಂದು ಅದೇ ಗ್ರಂಥ ಬರೆದಿಟ್ಟಿದೆ. ಸೊಲೊಮೋನ ತೀರಿಕೊಂಡ ಕೂಡಲೇ ಜನ ಅವನ ಮಗ ರೆಹಬ್ಬಾಮನ ಹತ್ತಿರ ಬಂದು, ನಿಮ್ಮ ತಂದೆ ಹೊರಿಸಿದ ನೊಗ ಭಾರವಾಗಿತ್ತು, ಹಗುರ ಮಾಡಿ ಎಂದು ಬೇಡಿಕೊಂಡರು. ಮಗ ಕೇಳಲಿಲ್ಲ. ರಾಜ್ಯ ಎರಡಾಯಿತು. ಬಿಟ್ಟಿ ಕೆಲಸದ ಮೇಲ್ವಿಚಾರಕನನ್ನು ಜನರು ಕಲ್ಲು ಹೊಡೆದು ಕೊಂದರು.

ನೋಡಿ, ಗುಡಾರ ಬಟ್ಟೆಯದು, ಮಂದಿರ ಕಲ್ಲಿನದು. ಬಟ್ಟೆಯ ಗುಡಾರ ಒಂದು ಜನಾಂಗವನ್ನು ಕೂಡಿಸಿತು. ಕಲ್ಲಿನ ಮಂದಿರ ಎದ್ದು ನಿಂತಿತು, ಕಟ್ಟಿದವರ ಮನಸ್ಸು ಮುರಿದಿತ್ತು. ಬಂಗಾರ ಹಾಕಿದ್ದು ತಪ್ಪಲ್ಲ, ಗುಡಾರಕ್ಕೂ ಬಂಗಾರ ಇತ್ತು. ಒಂದು ಕಡೆ ಜನರನ್ನು ಕೇಳಿದರು, ಇನ್ನೊಂದು ಕಡೆ ಜನರನ್ನು ಹಿಡಿದು ತಂದರು. ವ್ಯತ್ಯಾಸ ಇಷ್ಟೇ.

ಅಡಿಗಲ್ಲು ಯಾರದ್ದು?

ಗುಡಾರದ ಲೆಕ್ಕದಲ್ಲಿ ಇನ್ನೊಂದು ಗುಟ್ಟಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಇಚ್ಛೆಯ ಕಾಣಿಕೆ ಬೇರೆ. ಅದರ ಜೊತೆಗೆ ಎಣಿಕೆಗೆ ಬಂದ ಪ್ರತಿಯೊಬ್ಬನೂ ಅರ್ಧ ಶೆಕೆಲ್ ಬೆಳ್ಳಿ ಕೊಡಬೇಕಿತ್ತು. ಶ್ರೀಮಂತ ಅದಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ, ಬಡವ ಕಡಿಮೆ ಕೊಡುವ ಹಾಗಿಲ್ಲ. ಆ ಬೆಳ್ಳಿಯನ್ನು ಎಲ್ಲಿಗೆ ಬಳಸಿದರು? ಬಹುಪಾಲು ಮೇಲಿನ ಅಲಂಕಾರಕ್ಕಲ್ಲ. ಗುಡಾರದ ಹಲಗೆಗಳೂ ಪರದೆಯ ಕಂಬಗಳೂ ನಿಲ್ಲುವ ನೂರು ಪೀಠಗಳನ್ನು ಅದರಿಂದ ಎರಕ ಹೊಯ್ದರು. ಅಂದರೆ ಬಂಗಾರ ಮೇಲೆ ಹೊಳೆಯಿತು, ಆದರೆ ಇಡೀ ಗುಡಾರ ನಿಂತದ್ದು ಎಲ್ಲರ ಸಮಪಾಲಿನ ಮೇಲೆ. ದೇವರು ಹಾಕಿಕೊಟ್ಟ ನಕ್ಷೆ ಅದು.

ಯೇಸುಸ್ವಾಮಿ ಜೆರುಸಲೇಮಿನ ದೇವಾಲಯದಲ್ಲಿ ಕಾಣಿಕೆ ಪೆಟ್ಟಿಗೆಯ ಎದುರು ಕೂತು, ಬಡ ವಿಧವೆ ಹಾಕಿದ ಎರಡು ಚಿಕ್ಕ ಕಾಸುಗಳನ್ನು ಎಲ್ಲರಿಗಿಂತ ಹೆಚ್ಚಿನದೆಂದು ಎಣಿಸಿದ್ದು ಕೂಡ ಇದೇ ಲೆಕ್ಕ. ನಮ್ಮ ರಸೀದಿ ಪುಸ್ತಕದಲ್ಲಿ 50 ರೂಪಾಯಿಗೂ 50 ಸಾವಿರಕ್ಕೂ ಒಂದೇ ಅಳತೆಯ ಹಾಳೆ.

ನಮ್ಮ ಕರಾವಳಿ ಕಲಿಸುವ ಪಾಠ

ಈಗ ನಮ್ಮ ಸೀಮೆಗೆ ಬನ್ನಿ. ಹೊನ್ನಾವರ, ಕುಮಟಾ, ಭಟ್ಕಳದ ಕಡೆ ಕ್ರೈಸ್ತ ವಿಶ್ವಾಸ ಇಂದು ನಿನ್ನೆಯದಲ್ಲ. 1678ರಲ್ಲಿ ಕೆಳದಿ ಅರಸೊತ್ತಿಗೆ ಪೋರ್ಚುಗೀಸರ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಮಿರ್ಜಾನ, ಚಂದಾವರ ಮೊದಲಾದ ಕಡೆ ಚರ್ಚು ಕಟ್ಟಿಕೊಳ್ಳಲು ಅನುಮತಿ ಸಿಕ್ಕಿತ್ತು. ಮುಂದೆ 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು, ಹೆಚ್ಚಿನ ಚರ್ಚುಗಳು ನೆಲಸಮವಾದವು. 1799ರ ನಂತರ ಬದುಕಿ ಉಳಿದವರು ಊರಿಗೆ ಮರಳಿದರು. ಮಂಗಳೂರಿನ ಮಿಲಾಗ್ರಿಸ್ ಚರ್ಚನ್ನೇ ನೋಡಿ. 1680ರಲ್ಲಿ ಕಟ್ಟಿದ್ದು, 1784ರಲ್ಲಿ ಬಿದ್ದಿತು, 1811ರಲ್ಲಿ ಮತ್ತೆ ಎದ್ದಿತು. ಮರಳಿ ಬಂದವರ ಹೊಲ ಹೋಗಿತ್ತು, ಮನೆ ಹೋಗಿತ್ತು, ಮನೆಮಂದಿ ಎಷ್ಟೋ ಜನ ಹೋಗಿದ್ದರು. ಆದರೂ ಕರಾವಳಿಯುದ್ದಕ್ಕೂ ಬಿದ್ದ ಚರ್ಚುಗಳನ್ನು ಎಬ್ಬಿಸುವ ಕೆಲಸಕ್ಕೆ ಕೈ ಹಾಕಿದರು. ಚರ್ಚು ಅವರಿಗೆ ಬರೀ ಕಟ್ಟಡ ಆಗಿರಲಿಲ್ಲ. ನಾವು ಇನ್ನೂ ಒಂದು ಸಮುದಾಯ ಎಂಬುದಕ್ಕೆ ಸಾಕ್ಷಿ ಆಗಿತ್ತು.

ಹಳಬರು ಕಟ್ಟುತ್ತಿದ್ದದ್ದಾದರೂ ಹೇಗೆ? ಊರ ಕಲ್ಲು, ಊರ ಸುಣ್ಣ. ನಮ್ಮ ಚಿರೆಕಲ್ಲು ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ ಹಚ್ಚಿದರೆ ಗೋಡೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಿಗೆಯಲ್ಲಿ ಬಿಟ್ಟುಕೊಡುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಕೆಂಪು ಹಂಚಿನ ಮಾಡು ಕರಾವಳಿಯ ಚರ್ಚು, ಶಾಲೆ, ಮನೆ ಎಲ್ಲಕ್ಕೂ ಬಂತು. ಅದಕ್ಕೂ ಹಿಂದೆ ಭಟ್ಕಳದ ಕಡೆಯ ಹಳೆಯ ದೇವಸ್ಥಾನ, ಬಸದಿಗಳನ್ನು ಕಟ್ಟಿದವರು ಕಲ್ಲಿನ ಹಲಗೆಗಳನ್ನೇ ಇಳಿಜಾರಾಗಿ ಹೊದಿಸಿ ಮಾಡು ಮಾಡಿದ್ದರು. ಮುರ್ಡೇಶ್ವರಕ್ಕೆ ಹೋಗಿಬರುವಾಗ ಭಟ್ಕಳದಲ್ಲಿ ಇಳಿದು ಕೇತಪೈ ನಾರಾಯಣ ದೇವಸ್ಥಾನ ನೋಡಿ. ಜಾತಿ ಧರ್ಮ ಯಾವುದೇ ಇರಲಿ, ವರ್ಷಕ್ಕೆ 3 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯಲ್ಲಿ ದೇವರ ಮನೆಗೆ ಇಳಿಜಾರು ಮಾಡೇ ಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು.

ಈಗ ಏನಾಗ್ತಾ ಇದೆ? ದೂರದ ಪಟ್ಟಣದ ಚರ್ಚಿನ ಫೋಟೋ ತೋರಿಸಿ, ನಮಗೂ ಹೀಗೇ ಆಗಬೇಕು ಅಂತ ಹೊರಡುತ್ತೇವೆ. ಚಪ್ಪಟೆ ಸ್ಲ್ಯಾಬ್ ಹಾಕುತ್ತೇವೆ. ಕೆಲವು ಮಳೆಗಾಲ ಕಳೆಯುವುದರೊಳಗೆ ಸೋರುತ್ತದೆ. ಆಮೇಲೆ ಅದರ ಮೇಲೆ ತಗಡಿನ ಶೀಟು. ಚಿರೆಕಲ್ಲಿನ ಹಳೆ ಗೋಡೆಗೆ ಸಿಮೆಂಟು ಬಳಿದು ಉಸಿರು ಕಟ್ಟಿಸುತ್ತೇವೆ. ತೇವ ಹೊರಗೆ ಹೋಗಲಾರದೆ ಬಣ್ಣ ಎದ್ದು ಬರುತ್ತದೆ. ದೊಡ್ಡ ಹಾಲಿನಲ್ಲಿ ದನಿ ಗುಂಯ್ ಅಂತ ಮಾರ್ದನಿಸಿ ಗುರುಗಳ ಪ್ರಸಂಗ ಹಿಂದಿನ ಬೆಂಚಿನ ಅಜ್ಜಿಗೆ ಅರ್ಥವಾಗುವುದಿಲ್ಲ. ಊರಿನ ಗಾರೆಯವನನ್ನೋ ಆ ಅಜ್ಜಿಯನ್ನೋ ಮೊದಲೇ ಒಂದು ಮಾತು ಕೇಳಿದ್ದರೆ ಇದು ತಪ್ಪುತ್ತಿತ್ತು.

ಒಡೆಯುವ ಮೊದಲು ನೋಡಿ

ನೆಹೆಮೀಯ ಎಂಬ ದೇವಭಕ್ತ ಪರ್ಷಿಯ ದೇಶದಿಂದ ಜೆರುಸಲೇಮಿಗೆ ಬಂದ, ಬಿದ್ದ ಗೋಡೆ ಕಟ್ಟಿಸಲಿಕ್ಕೆ. ಬಂದವನೇ ಭಾಷಣ ಮಾಡಲಿಲ್ಲ. ಮೂರು ದಿನ ಸುಮ್ಮನಿದ್ದ. ಆಮೇಲೆ ರಾತ್ರಿ ಹೊತ್ತು ಕೆಲವೇ ಜನರನ್ನು ಕರೆದುಕೊಂಡು ಗೋಡೆಯ ಸುತ್ತ ತಿರುಗಿ, ಎಲ್ಲಿ ಬಿದ್ದಿದೆ, ಎಲ್ಲಿ ಸುಟ್ಟಿದೆ ಅಂತ ಕಣ್ಣಾರೆ ನೋಡಿದ. ಅದರ ನಂತರವೇ ಜನರನ್ನು ಕೂಡಿಸಿದ್ದು. ಈಗಿನ ಇಂಜಿನಿಯರುಗಳು ಮಾಡುವ ಸರ್ವೆಯನ್ನು ಅವನು ಆ ಕಾಲಕ್ಕೇ ಮಾಡಿದ್ದ.

ಹಳೆಯ ಚರ್ಚು ನಿಜವಾಗಿ ಬೀಳುವ ಸ್ಥಿತಿಯಲ್ಲಿದೆಯೋ, ಅಥವಾ ಮಾಡಿನ ನಾಲ್ಕು ಪಕಾಸಿ ಬದಲಿಸಿದರೆ ಇನ್ನೂ ನೂರು ವರ್ಷ ನಿಲ್ಲುತ್ತದೆಯೋ? ಇದನ್ನು ತಿಳಿಯದೆ ಯಾರೂ ಪಿಕಾಸಿ ಎತ್ತಬಾರದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ನಿಮ್ಮಲ್ಲಿ ಬಹಳ ಜನ ನೋಡಿರಬಹುದು. ಇಟಲಿಯಿಂದ ಬಂದ ಬ್ರದರ್ ಆಂಟೋನಿಯೋ ಮೊಸ್ಕೇನಿಯವರು 1900ರ ಆಸುಪಾಸಿನಲ್ಲಿ ಅದರ ಗೋಡೆ, ಮಾಳಿಗೆಗಳ ತುಂಬ ಚಿತ್ರ ಬರೆದರು. ತೇವಕ್ಕೆ, ಕಾಲಕ್ಕೆ ಆ ಚಿತ್ರಗಳು ಕೆಡತೊಡಗಿದಾಗ ಸುಣ್ಣ ಬಳಿದು ಮುಚ್ಚಲಿಲ್ಲ. 1990ರ ದಶಕದಲ್ಲಿ ತಜ್ಞರನ್ನು ಕರೆಸಿ ಒಂದೊಂದನ್ನೇ ಉಳಿಸಿಕೊಂಡರು. ಇಂದಿಗೂ ಎಲ್ಲ ಧರ್ಮದವರೂ ಬಂದು ತಲೆ ಎತ್ತಿ ನೋಡುತ್ತಾರೆ. ನಮ್ಮ ಹಿಂದೂ ಬಂಧುಗಳಿಂದಲೂ ಕಲಿಯಲಿಕ್ಕಿದೆ. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟಿನವರು ಹಾಳು ಬಿದ್ದ ಹಳೆಯ ದೇಗುಲಗಳನ್ನು ಊರವರ ಪಾಲನ್ನೂ ಕೂಡಿಸಿಕೊಂಡು ಜೀರ್ಣೋದ್ಧಾರ ಮಾಡಿಸುತ್ತಾ ಬಂದಿದ್ದಾರೆ.

ಹಾಗಂತ ಹಳೆಯದನ್ನು ಮುಟ್ಟಲೇಬಾರದು ಅಂತ ಅಲ್ಲ. ಜನ ಹೆಚ್ಚಿದ್ದಾರೆ, ಜಾಗ ಸಾಲದು, ಗೋಡೆ ನಿಜವಾಗಿ ಬಿರಿದಿದೆ ಎಂದಾದರೆ ಹೊಸದು ಕಟ್ಟಲೇಬೇಕು. ಆಗಲೂ ಹಳಬರ ಮನಸ್ಸು ನೆನಪಿರಲಿ. ಬಾಬಿಲೋನಿನ ಸೆರೆಯಿಂದ ಮರಳಿದವರು ಹೊಸ ಮಂದಿರಕ್ಕೆ ಅಡಿಗಲ್ಲಿಟ್ಟ ದಿನ, ಹಳೆಯ ಮಂದಿರವನ್ನು ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರಂತೆ. ಕಿರಿಯರು ಸಂತೋಷದಿಂದ ಕೂಗಿದರಂತೆ. ಅಳು ಯಾವುದು, ನಗು ಯಾವುದು ಎಂದು ದೂರದಲ್ಲಿದ್ದವರಿಗೆ ತಿಳಿಯಲಿಲ್ಲ ಎಂದು ಎಜ್ರನ ಗ್ರಂಥದಲ್ಲಿದೆ.

ಒಮ್ಮೆ ಕಾಣಿಕೆ ಕೊಡಲು ಬಂದ ಹಿರಿಯ ಹೆಂಗಸೊಬ್ಬರು ನನಗೆ ಹೇಳಿದರು: "ತಮಾ, ಹೊಸ ಚರ್ಚು ಚಂದ ಆಗದೆ. ಆದ್ರೆ ನನ್ ಮದುವೆ ಆದ ಬಾಗಿಲು ಎಲ್ಲಿ ಅಂತ ಹುಡುಕ್ತೆ, ಕಾಣೂದಿಲ್ಲ." ಒಂದು ಹಳೆ ಬಾಗಿಲನ್ನು ಹೊಸ ಗೋಡೆಯಲ್ಲಿ ಕೂಡಿಸುವುದು ಎಷ್ಟರ ಖರ್ಚು? ಹಳೆಯ ಗಂಟೆ, ಜ್ಞಾನಸ್ನಾನದ ಕಲ್ಲಿನ ತೊಟ್ಟಿ, ಕೆತ್ತನೆಯ ಮರದ ಬಲಿಪೀಠ, ಇವು ಗುಜರಿಗೆ ಹೋಗುವ ಸಾಮಾನಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ ಕೂಡ ಹಳೆಯ ಪವಿತ್ರ ವಸ್ತುಗಳು ಕೈಬಿಟ್ಟು ಹೋಗದಂತೆ, ಹಾಳಾಗದಂತೆ ಜಾಗ್ರತೆ ಮಾಡಿ ಎಂದು ಧರ್ಮಾಧ್ಯಕ್ಷರುಗಳಿಗೆ ಹೇಳಿದೆ.

ಎಲ್ಲರನ್ನೂ ಕೇಳಿ, ಎಲ್ಲರಿಗೂ ಕೆಲಸ ಕೊಡಿ

ನೆಹೆಮೀಯನ ಗ್ರಂಥದ ಮೂರನೇ ಅಧ್ಯಾಯ ಓದಲು ಬೇಸರ, ಬರೀ ಹೆಸರುಗಳ ಪಟ್ಟಿ. ಆದರೆ ಆ ಪಟ್ಟಿಯಲ್ಲೇ ಪ್ರಸಂಗ ಇದೆ. ಅಕ್ಕಸಾಲಿಗರು ಗೋಡೆ ಕಟ್ಟಿದರು. ಸುಗಂಧ ದ್ರವ್ಯ ಮಾಡುವವರು ಕಲ್ಲು ಹೊತ್ತರು. ಶಲ್ಲೂಮ ಎಂಬ ಅಧಿಕಾರಿ ತನ್ನ ಹೆಣ್ಣುಮಕ್ಕಳ ಜೊತೆ ಸೇರಿ ಕಟ್ಟಿದ. ಎಷ್ಟೋ ಜನ ತಮ್ಮ ತಮ್ಮ ಮನೆಯ ಎದುರಿನ ಗೋಡೆಯನ್ನು ತಾವೇ ಕಟ್ಟಿದರು. ತನ್ನ ಮನೆ ಎದುರಿನ ಗೋಡೆಯನ್ನು ಯಾರಾದರೂ ಸಡಿಲ ಕಟ್ಟುತ್ತಾರೆಯೇ? ತೆಕೋವ ಊರಿನ ದೊಡ್ಡ ಮನುಷ್ಯರು ಮಾತ್ರ ಹೆಗಲು ಕೊಡಲಿಲ್ಲ, ಅದೂ ದಾಖಲಾಗಿದೆ. 52 ದಿನದಲ್ಲಿ ಕೆಲಸ ಮುಗಿಯಿತು.

ನಮ್ಮ ಧರ್ಮಸಭೆಯ ನಿಯಮವೂ ಇದೇ ದಾರಿಯದು. 1963ರ ಡಿಸೆಂಬರ್ 4ರಂದು ಹೊರಟ ಪೂಜಾವಿಧಿಯ ಶಾಸನದಲ್ಲಿ, ಚರ್ಚು ಕಟ್ಟುವಾಗ ಭಕ್ತರು ಪೂಜೆಯಲ್ಲಿ ಮನಸಾರೆ ಪಾಲುಗೊಳ್ಳಲು ಅನುಕೂಲವಾಗುವಂತೆ ಕಟ್ಟಬೇಕು, ಆಡಂಬರಕ್ಕಿಂತ ಘನತೆಯ ಸೌಂದರ್ಯ ಮುಖ್ಯ ಎಂಬ ತಿಳಿವಳಿಕೆ ಇದೆ. 1983ರ ಧರ್ಮಸಭೆಯ ಕಾನೂನಿನಂತೆ ಧರ್ಮಾಧ್ಯಕ್ಷರ ಲಿಖಿತ ಒಪ್ಪಿಗೆ ಇಲ್ಲದೆ ಹೊಸ ಚರ್ಚು ಕಟ್ಟುವಂತಿಲ್ಲ. ಅವರೂ ಗುರುಗಳ ಮಂಡಳಿಯನ್ನು, ಅಕ್ಕಪಕ್ಕದ ಚರ್ಚುಗಳ ಗುರುಗಳನ್ನು ಕೇಳಿಯೇ ಒಪ್ಪಿಗೆ ಕೊಡಬೇಕು. ಹಣ ಸಾಲುತ್ತದೆಯೇ ಎಂದೂ ನೋಡಬೇಕು. ಕಟ್ಟುವಾಗ, ರಿಪೇರಿ ಮಾಡುವಾಗ ತಿಳಿದವರ ಸಲಹೆ ಪಡೆಯಬೇಕು. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಧರ್ಮಾಧ್ಯಕ್ಷರೇ ಇಷ್ಟು ಜನರನ್ನು ಕೇಳಬೇಕಾದರೆ, ಒಂದು ಊರಿನ ನಾಲ್ಕು ಮಂದಿ ಯಾರನ್ನೂ ಕೇಳದೆ ತೀರ್ಮಾನ ಮಾಡುವುದು ಸರಿಯೇ?

ಯಾರನ್ನು ಕೇಳಬೇಕು? ಚರ್ಚು ಗುಡಿಸುವ ಹೆಂಗಸನ್ನು ಕೇಳಿ, ನೀರು ಎಲ್ಲಿ ನಿಲ್ಲುತ್ತದೆ ಅಂತ ಅವಳಿಗೆ ಗೊತ್ತು. ಗಂಟೆ ಹೊಡೆಯುವವನನ್ನು ಕೇಳಿ. ಮೊಣಕಾಲು ನೋವಿನ ಅಜ್ಜನನ್ನು ಕೇಳಿ, ಮೆಟ್ಟಿಲು ಎಷ್ಟು ಎತ್ತರ ಇರಬೇಕೆಂದು ಹೇಳುತ್ತಾನೆ. ಕೈಕೂಸಿನ ತಾಯಿಯನ್ನು ಕೇಳಿ, ಮಗು ಅತ್ತರೆ ಎಲ್ಲಿ ಕೂರಲಿ ಎನ್ನುತ್ತಾಳೆ. ಗಾಲಿಕುರ್ಚಿಯಲ್ಲಿ ಬರುವವರನ್ನು ಕೇಳಿ. ಹಾಡುವ ಮಕ್ಕಳನ್ನು ಕೇಳಿ. ಹೆಂಗಸರಿಗೆ ಶೌಚಾಲಯ ಎಲ್ಲಿರಬೇಕು ಎಂದು ಗಂಡಸರೇ ಕೂತು ತೀರ್ಮಾನ ಮಾಡಬೇಡಿ. ಬೇರೆ ಧರ್ಮದ ನೆರೆಯವರನ್ನೂ ಮರೆಯಬೇಡಿ. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಕಲ್ಲು ಹೊರಲು ಬರುವ ಪಕ್ಕದ ಮನೆಯವನ ಕೈಯನ್ನು ದೇವರು ಜಾತಿ ಕೇಳಿ ಹಿಡಿಯುವುದಿಲ್ಲ.

ಹಣದ ಮಾತು, ಹೆಸರಿನ ಮಾತು

ಅಸ್ಸಿಸಿಯ ಸಂತ ಫ್ರಾನ್ಸಿಸರು ಯುವಕರಾಗಿದ್ದಾಗ, ಸುಮಾರು 1205ರಲ್ಲಿ, ಸಂತ ದಾಮಿಯಾನೋ ಎಂಬ ಬಿದ್ದುಹೋದ ಚರ್ಚಿನಲ್ಲಿ ಪ್ರಾರ್ಥಿಸುತ್ತಿದ್ದರು. ತನ್ನ ಮನೆಯನ್ನು ರಿಪೇರಿ ಮಾಡು ಎಂದು ಶಿಲುಬೆಯಿಂದ ಸ್ವಾಮಿಯೇ ಹೇಳಿದ್ದು ಅವರಿಗೆ ಕೇಳಿಸಿತು. ಅವರು ಮೊದಲು ಮಾಡಿದ್ದೇನು? ಅಪ್ಪನ ಅಂಗಡಿಯ ಬಟ್ಟೆ ಮಾರಿ ಹಣ ತಂದರು. ಅಲ್ಲಿನ ಗುರುಗಳು ಆ ಹಣ ಮುಟ್ಟಲಿಲ್ಲ. ಆಮೇಲೆ ಫ್ರಾನ್ಸಿಸರು ಬೀದಿ ಬೀದಿ ತಿರುಗಿ ಒಂದೊಂದೇ ಕಲ್ಲು ಬೇಡಿದರು, ತಮ್ಮ ಹೆಗಲ ಮೇಲೆ ಹೊತ್ತು ತಂದು ಕಟ್ಟಿದರು. ಆ ಚರ್ಚು ನಿಂತಿತು. ಮುಂದೆ ಸಂತ ಕ್ಲಾರಾ ಅಲ್ಲೇ ನೆಲೆಸಿದರು. ಒಬ್ಬರ ಗಂಟಿನಿಂದ ಆಗದ್ದು ಊರಿನ ಕಲ್ಲುಗಳಿಂದ ಆಯಿತು.

ಪರದೇಶದಲ್ಲಿ ದುಡಿಯುವ ನಮ್ಮ ಮಕ್ಕಳು ಧಾರಾಳವಾಗಿ ಕೊಡುತ್ತಾರೆ. ದೇವರು ಅವರನ್ನು ಹರಸಲಿ. ಆದರೆ ಪೂರ್ತಿ ಹಣ ಹೊರಗಿನಿಂದಲೇ ಬಂದರೆ ಊರಿನ ಬಡವ ತನ್ನ ಚರ್ಚಿನಲ್ಲಿ ತಾನೇ ನೆಂಟನ ಹಾಗೆ ಕೂರುತ್ತಾನೆ. ಹಣವಿಲ್ಲದವನಿಗೆ ಒಂದು ದಿನದ ಶ್ರಮದಾನ ಇರಲಿ, ಒಂದು ಮುಷ್ಟಿ ಅಕ್ಕಿ ಇರಲಿ, ಒಂದು ತೆಂಗಿನಕಾಯಿ ಇರಲಿ. ಅದನ್ನೂ ರಸೀದಿ ಹರಿದು ಬರೆದುಕೊಳ್ಳಿ. ಅಮೃತಶಿಲೆಯಲ್ಲಿ ಹೆಸರು ಕೆತ್ತಿಸುವ ವಿಷಯಕ್ಕೆ ಎಷ್ಟು ಮನಸ್ತಾಪ ಆಗುತ್ತದೆಂದು ಕಚೇರಿಯಲ್ಲಿ ಕೂತ ನನಗೆ ಗೊತ್ತು. ಹೆಸರು ಹಾಕುವುದಾದರೆ ಕಲ್ಲು ಹೊತ್ತವರದ್ದೂ ಹಾಕಿ. ಇಲ್ಲವಾದರೆ ಯಾರದ್ದೂ ಬೇಡ. ಲೆಕ್ಕ ಮಾತ್ರ ತಿಂಗಳಿಗೊಮ್ಮೆ ಚರ್ಚಿನ ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿ. ಲೆಕ್ಕ ಬಚ್ಚಿಟ್ಟ ಕಡೆ ಗುಮಾನಿ ಹುಟ್ಟುತ್ತದೆ, ಗುಮಾನಿ ಇದ್ದ ಕಡೆ ಶಾಂತಿ ನಿಲ್ಲುವುದಿಲ್ಲ.

ಕುರ್ವೆಯವರ ದೋಣಿ

ಚರ್ಚಿನಲ್ಲಿ ಜನರು ಕೂರುವ ಉದ್ದನೆಯ ಭಾಗಕ್ಕೆ ಯುರೋಪಿನ ಭಾಷೆಗಳಲ್ಲಿ ಇರುವ ಹೆಸರು ಲ್ಯಾಟಿನ್ನಿನ ನಾವಿಸ್ ಎಂಬ ಮಾತಿನಿಂದ ಬಂದದ್ದು. ನಾವಿಸ್ ಎಂದರೆ ಹಡಗು. ನಾವು ನಾವೆ ಎನ್ನುತ್ತೇವಲ್ಲ, ಅದೂ ಇದೂ ಒಂದೇ ಬೇರಿನವು. ಕರಾವಳಿಯ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊನ್ನಾವರದ ಹತ್ತಿರ ಶರಾವತಿ ಹೊಳೆಯಲ್ಲಿ ಮಾವಿನಕುರ್ವೆ ಇದೆ, ಭಟ್ಕಳದ ಬಂದರಿನ ಕಡೆ ಇನ್ನೊಂದು ಮಾವಿನಕುರ್ವೆ ಇದೆ. ಕುರ್ವೆ ಎಂದರೆ ನೀರು ಸುತ್ತಿದ ನೆಲ. ಅಂಥ ಕಡೆ ದೋಣಿಯೇ ಜೀವ. ಮಳೆಗಾಲಕ್ಕೆ ಮುಂಚೆ ದೊಡ್ಡ ದೋಣಿಯನ್ನು ದಡಕ್ಕೆ ಎಳೆಯುವಾಗ ನೋಡಿ. ಮಾಲೀಕ ಒಬ್ಬನೇ ಎಳೆಯಲಾರ. ಕೇರಿಯವರೆಲ್ಲ ಹಗ್ಗ ಹಿಡಿದು, ಒಂದೇ ದನಿಯಲ್ಲಿ ಕೂಗು ಹಾಕಿ, ಒಂದೇ ಗಳಿಗೆಯಲ್ಲಿ ಜಗ್ಗಬೇಕು. ಒಬ್ಬ ಮುಂಚೆ, ಒಬ್ಬ ಆಮೇಲೆ ಜಗ್ಗಿದರೆ ದೋಣಿ ಅಲ್ಲಾಡುವುದಿಲ್ಲ. ಚರ್ಚಿನ ಕೆಲಸವೂ ಹೀಗೆಯೇ.

ಜನ ಇಲ್ಲದ ಚರ್ಚು ಹೇಗಿರುತ್ತದೆ ನೋಡಬೇಕಾದರೆ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ ಹೋಗಿ. 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಸುಂದರ ಚರ್ಚು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಆದ ಮೇಲೆ ಊರವರು ಬೇರೆಡೆಗೆ ಹೋದರು. ಅಣೆಕಟ್ಟು ತುಂಬಿದಾಗ ಚರ್ಚು ಅರ್ಧ ನೀರಿನಲ್ಲಿ ನಿಲ್ಲುತ್ತದೆ, ನೀರು ಇಳಿದಾಗ ಬಯಲಿಗೆ ಬರುತ್ತದೆ. ಫೋಟೋ ತೆಗೆಯಲು ಬರುವವರು ಬಹಳ ಮಂದಿ. ಬಲಿಪೂಜೆ ಇಲ್ಲ. ಅಲ್ಲಿಯ ಜನರನ್ನು ನೀರು ಚದುರಿಸಿತು. ನಮ್ಮ ಊರುಗಳಲ್ಲಿ ನೀರು ಬಂದಿಲ್ಲ, ಆದರೂ ಜಗಳದಿಂದ ಜನ ಚರ್ಚು ಬಿಟ್ಟರೆ ಹೊಸ ಟೈಲ್ಸಿನ ಕಟ್ಟಡವೂ ಶೆಟ್ಟಿಹಳ್ಳಿಯೇ.

ನಾವೆಲ್ಲರೂ ಜೀವಂತ ಕಲ್ಲುಗಳಾಗಿ ಆಧ್ಯಾತ್ಮಿಕ ಮನೆಯಾಗಬೇಕೆಂದು ಸಂತ ಪೇತ್ರರು ಬೋಧಿಸಿದ್ದಾರೆ. ಕಲ್ಲು ಒಂದೊಂದೇ ಬಿದ್ದಿದ್ದರೆ ರಾಶಿ. ಒಂದರ ಭಾರ ಇನ್ನೊಂದು ಹೊತ್ತರೆ ಗೋಡೆ.

ಊರಿಗೆ ಮರಳಿದ ಮೇಲೆ

ಬಂಧುಗಳೇ, ನಿಮ್ಮ ಧರ್ಮಕೇಂದ್ರದಲ್ಲಿ ಕಟ್ಟುವ ಅಥವಾ ರಿಪೇರಿ ಮಾಡುವ ಮಾತು ಬಂದಾಗ ಇಷ್ಟನ್ನು ನೆನಪಿಡಿ:

1. ಮೊದಲು ಎಲ್ಲರೂ ಸೇರಿ ಪ್ರಾರ್ಥಿಸಿ, ಆಮೇಲೆ ಸಭೆ ಮಾಡಿ. ಮಾತು ಬಿಟ್ಟ ಮನೆಯವರಿಗೆ ಮೊದಲು ಹೇಳಿಕಳಿಸಿ.

2. ಒಡೆಯುವ ಮೊದಲು ತಿಳಿದವರಿಂದ ಪರೀಕ್ಷೆ ಮಾಡಿಸಿ. ಒಂದು ಪೂರ್ತಿ ಮಳೆಗಾಲ ನೋಡಿ.

3. ನಕ್ಷೆಯನ್ನು ಗೋಡೆಗೆ ಅಂಟಿಸಿ, ಸಾಧ್ಯವಾದರೆ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ತೋರಿಸಿ. ನಕ್ಷೆ ಓದಲು ಬಾರದವರೂ ನಡೆದು ನೋಡಿ ಅಭಿಪ್ರಾಯ ಹೇಳಲಿ.

4. ಹಳೆಯದರಲ್ಲಿ ಏನನ್ನು ಉಳಿಸಬೇಕೆಂದು ಹಿರಿಯರನ್ನು ಕೇಳಿ ಪಟ್ಟಿ ಮಾಡಿ.

5. ಕೈಯಲ್ಲಿದ್ದಷ್ಟು ಕಟ್ಟಿ. ಸಾಲದ ಗೋಪುರಕ್ಕಿಂತ ಸೋರದ ಮಾಡು ಮೇಲು.

6. ಕೆಲಸ ಮುಗಿದ ಮೇಲೆ ವರ್ಷಕ್ಕೊಮ್ಮೆ ಹಂಚು ತಿರುಗಿಸುವ, ದೋಣಿಕಾಲುವೆ ಬಿಡಿಸುವ, ಪಾಗಾರ ನೋಡುವ ಪಾಳಿ ಹಾಕಿಕೊಳ್ಳಿ. ಕಟ್ಟುವುದು ಒಂದು ಸಲ, ಕಾಯುವುದು ದಿನಾ.

ಕೊನೆಯಲ್ಲಿ ಎಲ್ಲರೂ ಸೇರಿ ಹೀಗೆ ಪ್ರಾರ್ಥಿಸೋಣ:

ಸ್ವರ್ಗವೂ ಹಿಡಿಸಲಾರದ ಸ್ವಾಮಿಯೇ, ನಮ್ಮ ಚಿಕ್ಕ ಊರುಗಳ ಹಂಚಿನ ಮಾಡಿನ ಕೆಳಗೆ ಬಂದು ನೆಲೆಸಲು ನೀವು ನಾಚಿಕೊಳ್ಳಲಿಲ್ಲ. ನಿಮ್ಮ ಮನೆ ಕಟ್ಟುವ ಹೊತ್ತಿನಲ್ಲಿ ನಮ್ಮ ಮನೆಗಳು ಒಡೆಯದಂತೆ ಕಾಪಾಡಿ. ಕೊಡುವವರಿಗೆ ವಿನಯ ಕೊಡಿ, ಕೊಡಲಾಗದವರಿಗೆ ಧೈರ್ಯ ಕೊಡಿ, ಲೆಕ್ಕ ಇಡುವವರಿಗೆ ಪ್ರಾಮಾಣಿಕತೆ ಕೊಡಿ, ನಕ್ಷೆ ಬರೆಯುವವರಿಗೆ ಕೇಳುವ ಕಿವಿ ಕೊಡಿ. ಮುನಿಸಿಕೊಂಡು ದೂರ ನಿಂತ ನಮ್ಮ ಅಣ್ಣತಮ್ಮಂದಿರನ್ನೂ ಅಕ್ಕತಂಗಿಯರನ್ನೂ ನಿಮ್ಮ ಬಾಗಿಲಿಗೆ ಮರಳಿ ಕರೆತನ್ನಿ. ಮಾತೆ ಮರಿಯಮ್ಮನವರ ಬಿನ್ನಹದಿಂದ ನಮ್ಮೆಲ್ಲರನ್ನು ಒಂದೇ ಗೋಡೆಯ ಕಲ್ಲುಗಳಾಗಿ ಜೋಡಿಸಿ. ಆಮೆನ್.